ಇಳಕಲ್ಲಿಗೆ ಕಲರ್ ಕಾರ್ಡು ಕೂರಿಸಲು ಹೋದದ್ದು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬಾಗಲಕೋಟೆಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಲ್ಯಾಬು ಎಂದರೆ ಮೂರು ಕಂಪ್ಯೂಟರು, ಒಂದು ಏಸಿ, ಬಾಗಿಲಾಚೆ ಕಳಚಿಟ್ಟ ಚಪ್ಪಲಿಗಳ ರಾಶಿ. ಏಸಿ ಹಾಕಿದ್ದು ಕಂಪ್ಯೂಟರಿಗಾಗಿ. ಅದರ ಪುಣ್ಯದಲ್ಲಿ ನಾವೂ ತಣ್ಣಗಿದ್ದೆವು. ಆ ಯಂತ್ರಗಳ ಹೊಟ್ಟೆ ಬಿಚ್ಚಿ ಮುಚ್ಚುವುದು ನನಗೆ ಬರುತ್ತಿದ್ದುದರಿಂದ, ಇಳಕಲ್ಲಿನ ಸೀರೆ ಸಾವಕಾರರೊಬ್ಬರು ನಮ್ಮ ಪ್ರಿನ್ಸಿಪಾಲರ ಸಹಾಯ ಕೇಳಿದಾಗ ಅವರು ನನ್ನನ್ನೇ ಕಳಿಸಿದರು.

ಸಾವಕಾರರು ಸೀರೆಯ ನಮೂನೆ ಬಿಡಿಸಲಿಕ್ಕೆಂದೇ ಕಂಪ್ಯೂಟರ್ ತರಿಸಿದ್ದರು. ಆದರೆ ಅದರ ಪರದೆಯಲ್ಲಿ ಹಸಿರು ಬಿಟ್ಟು ಬೇರೆ ಬಣ್ಣವೇ ಇಲ್ಲ. ಕೆಂಪು ಸೆರಗು ಕಾಣದ ಇಳಕಲ್ ಸೀರೆಯನ್ನು ಯಾರು ನೋಡುತ್ತಾರೆ? ಅದಕ್ಕೆ ಮುಂಬಯಿಯಿಂದ ಬಣ್ಣದ ಮಾನಿಟರನ್ನೂ, ಅದಕ್ಕೆ ಚಿತ್ರ ಕಳಿಸುವ ಕಾರ್ಡನ್ನೂ ತರಿಸಿಕೊಂಡಿದ್ದರು. ಕಾರ್ಡು ಕಂಪ್ಯೂಟರಿನ ಒಳಗೆ ಕೂರಬೇಕಿತ್ತು.

ಬುತ್ತಿಯ ಚೀಲದಲ್ಲಿ ಸ್ಕ್ರೂಡ್ರೈವರ್ ಹಾಕಿಕೊಂಡು, ಹುನಗುಂದದ ಮೇಲಿಂದ ಬಸ್ಸಿನಲ್ಲಿ ಹೋದೆ. ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಸಾವಕಾರರು ನನ್ನ ಬೆನ್ನ ಹಿಂದೆ ನೋಡಿದರು.

"ಕಂಪ್ಯೂಟರ್ ಸರ್ ಎಲ್ಲಿ ಅದಾರವಾ?"

"ನಾನಽ ರೀ."

ಅವರು ಇನ್ನೊಮ್ಮೆ ರಸ್ತೆಯ ಕಡೆ ನೋಡಿ, ಆಮೇಲೆ "ಬರ್ರಿ" ಎಂದರು. ಹುಡುಗಿಯರನ್ನು ಕರೆಯುವ 'ವಾ' ಹೋಗಿ ಮರ್ಯಾದೆಯ 'ರಿ' ಬಂದಿತ್ತು.

ಮೊದಲು ಸ್ವಿಚ್ ಆರಿಸಿ, ಗೋಡೆಯಿಂದ ಪ್ಲಗ್ಗನ್ನೇ ಕಿತ್ತೆ. ಮುಚ್ಚಳ ಬಿಚ್ಚಿ, ಹಳೆಯ ಕಾರ್ಡು ತೆಗೆದು, ಒಳಗಿನ ಬೋರ್ಡಿನ ಮೇಲಿನ ಪುಟ್ಟ ಸ್ವಿಚ್ಚನ್ನು ಬಣ್ಣಕ್ಕೆ ಬದಲಿಸಿದೆ. ತಿರುಗಿ ನೋಡಿದರೆ ಸಾವಕಾರರು ಟೇಬಲ್ಲಿನ ಮೇಲೆ ಅಪ್ಪಟ ರೇಷ್ಮೆ ಸೀರೆಯೊಂದನ್ನು ಹಾಸಿ, ಹೊಸ ಕಾರ್ಡನ್ನು ಪೊಟ್ಟಣದಿಂದ ಬಿಚ್ಚಿ ಅದರ ಮೇಲೆ ಮಲಗಿಸಲು ಹೊರಟಿದ್ದಾರೆ.

"ಬ್ಯಾಡ್ರೀ!" ಎಂದು ಚೀರಿದೆ. "ರೇಷ್ಮಿ ತಿಕ್ಕಿದ್ರ ಕರೆಂಟ್ ಹುಟ್ಟತೈತ್ರಿ. ಕಾರ್ಡು ಸತ್ತಹೋಕ್ಕೈತಿ."

"ನಲವತ್ತು ವರ್ಷ ರೇಷ್ಮಿ ಮುಟ್ಟೇನಿ, ಒಮ್ಮೆರ ಕರೆಂಟ್ ಹೊಡದಿಲ್ಲ," ಎಂದು ಸಾವಕಾರರು ಮುಖ ಊದಿಸಿಕೊಂಡರು.

"ಖರೆ ಹೇಳತಾಳ," ಎಂದು ಒಳಗಿನಿಂದ ದನಿ ಬಂತು. "ಚಳಿಗಾಲದಾಗ ರೇಷ್ಮಿ ಕುಬಸ ತಗದ್ರ ಚಟಚಟ ಅನ್ನೂದಿಲ್ಲೇನ?" ಅವರು ಸಾವಕಾರರ ತಾಯಿ. ಎಪ್ಪತ್ತು ದಾಟಿದವರು, ಒಂದು ಕಾಲಕ್ಕೆ ತಾವೇ ಮಗ್ಗದ ಕುಣಿಯಲ್ಲಿ ಕೂತು ನೇಯ್ದವರು. ತಾಯಿಯ ಬಾಯಲ್ಲಿ ಕುಬಸದ ಮಾತು ಬಂದದ್ದೇ ತಡ, ಮಗ ಸೀರೆ ಮಡಚಿಕೊಂಡು ಸರಿದುಬಿಟ್ಟರು.

ಅಜ್ಜಿ ಬಂದು ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ನನಗೆ ಮದುವೆಯಾಗಿ ಮೂರೇ ತಿಂಗಳು. ಎರಡೂ ಕೈತುಂಬ ಹಸಿರು ಬಳೆ. ತೆಗೆದಿಡೋಣವೆಂದು ಕೈ ಹಾಕಿದೆ.

"ಏ ಯವ್ವಾ! ಹೊಸಾ ಲಗ್ನಾದಾಕಿ ಬಳಿ ತಗೀತಿ?"

"ಒಡದ್ರ ಚೂರು ಒಳಗ ಬೀಳತಾವ್ರಿ ಅಜ್ಜಿ."

"ಒಡದ್ರ ಅನಬಾರ್ದು. ಹೆಚ್ಚಾದ್ರ ಅನಬೇಕು."

ಹೆಚ್ಚಾದರೂ ಚೂರು ಚೂರೇ. ಕೊನೆಗೆ ಬಳೆಗಳನ್ನೆಲ್ಲ ಮೊಣಕೈಯತ್ತ ಏರಿಸಿ, ಅಜ್ಜಿಯೇ ಹತ್ತಿ ಬಟ್ಟೆಯ ಚಿಂದಿಯಿಂದ ಬಿಗಿದು ಕಟ್ಟಿದರು. ಯಾರಾದರೂ ನೋಡಿದ್ದರೆ ಎರಡೂ ಕೈ ಮುರಿದುಕೊಂಡು ಬಂದವಳು ಎನ್ನುತ್ತಿದ್ದರು.

ಮೈಯಲ್ಲಿ ಹುಟ್ಟಿದ ಕರೆಂಟ್ ಇಳಿಯಲೆಂದು ಕ್ಯಾಬಿನೆಟ್ಟಿನ ಬರಿಯ ಲೋಹ ಮುಟ್ಟಿ, ಕಾರ್ಡನ್ನು ಅಂಚು ಹಿಡಿದು ಎತ್ತಿದೆ. ಅಷ್ಟರಲ್ಲಿ ಅಜ್ಜಿಯ ಮೂರು ಬೆರಳು ವಿಭೂತಿಯೊಂದಿಗೆ ಮುಂದೆ ಬಂತು. ಗುರಿ, ಕಾರ್ಡಿನ ತುದಿಯಲ್ಲಿ ಬಂಗಾರದಂತೆ ಹೊಳೆಯುವ ಪಟ್ಟಿ.

"ಅಲ್ಲಿ ಬ್ಯಾಡ್ರಿ ಅಜ್ಜಿ! ಅದು ಅದರ ಬಾಯಿ. ಪುಡಿ ಬಿದ್ರ ಮಾತಾಡೂದಿಲ್ಲ."

"ಹಂಗಾರ ಹಣಿ ಎಲ್ಲೈತಿ, ತೋರಸು."

ಕಂಪ್ಯೂಟರಿಗೆ ಹಣೆ ಎಲ್ಲಿರುತ್ತದೆಂದು ನಮಗೆ ಯಾರೂ ಕಲಿಸಿರಲಿಲ್ಲ. ಸ್ವಲ್ಪ ಯೋಚಿಸಿ, ದೂರದಲ್ಲಿ ಬಿಚ್ಚಿಟ್ಟಿದ್ದ ಮುಚ್ಚಳ ತೋರಿಸಿದೆ. ಅಜ್ಜಿ ಅದಕ್ಕೆ ಮೂರೆಳೆ ಎಳೆದು ಕೈಮುಗಿದರು.

ಕಾರ್ಡನ್ನು ಸ್ಲಾಟಿಗೆ ಇಳಿಸಿ, ಸ್ಕ್ರೂ ಹಾಕಿ, ಮಾನಿಟರು ಜೋಡಿಸಿ, ಪ್ಲಗ್ಗು ಚುಚ್ಚಿ ಸ್ವಿಚ್ ಒತ್ತಿದೆ. ಪರದೆ ಕಪ್ಪಾಗಿಯೇ ಇತ್ತು. ಒಳಗಿನಿಂದ ಒಂದು ಉದ್ದ ಕೂಗು, ಎರಡು ಗಿಡ್ಡ ಕೂಗು ಬಂದವು.

"ಯಾಕ ಅಳಾಕತ್ತೈತ್ರಿ?" ಸಾವಕಾರರು ಗಾಬರಿಯಾದರು.

"ಕಾರ್ಡು ಸಿಗವಲ್ದು ಅಂತ ಹೇಳಾಕತ್ತೈತ್ರಿ."

"ಸಿಗವಲ್ದು ಅಂದ್ರ? ಒಳಗಽ ಐತಿ, ನಾವೆಲ್ಲಾರೂ ನೋಡೇವಲ್ಲ!"

ನನಗೆ ಬೆವರಿಳಿಯಿತು. ಇಲ್ಲಿ ಏಸಿಯೂ ಇರಲಿಲ್ಲ. ಮತ್ತೆ ಸ್ವಿಚ್ ಆರಿಸಿ, ಪ್ಲಗ್ಗು ಕಿತ್ತು, ಬಗ್ಗಿ ನೋಡಿದೆ. ಕಾರ್ಡಿನ ಒಂದು ತುದಿ ಜೋಳದ ಕಾಳಿನಷ್ಟು ಮೇಲೆದ್ದಿತ್ತು. ಮುರಿದೀತೆಂಬ ಅಂಜಿಕೆಯಲ್ಲಿ ನಾನು ಅದನ್ನು ಒತ್ತಿಯೇ ಇರಲಿಲ್ಲ.

"ಹೊಸ ಸೊಸಿ ಹಿಟ್ಟು ನಾದಿದಂಗಾತು," ಎಂದರು ಅಜ್ಜಿ. "ಗಟ್ಟಿ ಒತ್ತವಾ."

ಸ್ಕ್ರೂ ಸಡಿಲಿಸಿ, ಎರಡೂ ಹೆಬ್ಬೆರಳಿನಿಂದ ಸಮನಾಗಿ ಒತ್ತಿದೆ. 'ಕಟಕ್' ಎಂದು ಕೂತಿತು. ಈ ಸಲ ಒಂದೇ ಚಿಕ್ಕ ಕೂಗು, ಮತ್ತು ಪರದೆಯ ತುಂಬ ಬೆಳಕು.

ಸಾವಕಾರರು ತಿಂಗಳುಗಟ್ಟಲೆ ಕೂತು ಬಿಡಿಸಿದ್ದ ಸೆರಗು ಮೂಡಿತು. ಬಣ್ಣವೇನೋ ಬಂದಿತ್ತು. ಆದರೆ ಒಂದು ಆಕಾಶದ ನೀಲಿ, ಇನ್ನೊಂದು ಬೊಂಬಾಯಿ ಮಿಠಾಯಿಯ ಗುಲಾಬಿ. "ಇದನ್ನ ಯಾರು ಉಡತಾರ್ರಿ?" ಎಂದ ಸಾವಕಾರರ ದನಿ ಅಳುವಂತಿತ್ತು. ಆ ಕಾರ್ಡು ಒಮ್ಮೆಗೆ ನಾಲ್ಕೇ ಬಣ್ಣ ತೋರಿಸುವಂಥದ್ದು. ಅದರಲ್ಲಿ ನಾಲ್ಕು ಬಣ್ಣಗಳ ಇನ್ನೊಂದು ಗುಂಪೂ ಇತ್ತು. ಅದನ್ನು ಆರಿಸಿದೆ. ಕಪ್ಪು ಮೈ, ಹಸಿರು ಅಂಚು, ಕೆಂಪು ಸೆರಗು ಬಂತು. ಹಳದಿ ಬರಬೇಕಾದಲ್ಲಿ ರಾಡಿಯ ಬಣ್ಣ ಬಂದರೂ ಸಾವಕಾರರು ದೊಡ್ಡ ಮನಸ್ಸಿನಿಂದ ಕ್ಷಮಿಸಿದರು.

ಅಜ್ಜಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಸೆರಗಿನ ಮೇಲೆ ಜೋಳದ ತೆನೆಯಂತೆ ಸಾಲಾಗಿ ಬಿಡಿಸಿದ್ದ ಹಲ್ಲುಗಳನ್ನು ಬೆರಳಿಟ್ಟು ಎಣಿಸತೊಡಗಿದರು.

"ಲೇ ತಮ್ಮಾ, ಈ ಕಡಿಗೆ ಐದು, ಆ ಕಡಿಗೆ ಆರು ಐತಲ್ಲೋ!"

ಸಾವಕಾರರು ನನ್ನತ್ತ ತಿರುಗಿ, "ಅದು ಕಾರ್ಡಿಂದಽ ತಪ್ಪಿರಬೇಕ್ರಿ," ಎಂದರು.

"ಕಾರ್ಡು ಎಣಸೂದಿಲ್ರಿ," ಎಂದೆ. ಕೂರಿಸಿದ ಅರ್ಧ ಗಂಟೆಯಲ್ಲೇ ನನಗೆ ಅದರ ಮೇಲೆ ಅಭಿಮಾನ ಹುಟ್ಟಿಬಿಟ್ಟಿತ್ತು. ಅಜ್ಜಿ ಟೇಬಲ್ಲು ಹಿಡಿದುಕೊಂಡು ನಕ್ಕರು.

ಊಟಕ್ಕೆ ಅವರೇ ಒಳಗೆ ಕರೆದೊಯ್ದು ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಸಾವಕಾರರು ಊಟದ ಹಂಬಲವಿಲ್ಲದೆ ಅಂಗಡಿಯಲ್ಲೇ ಕೂತು ಸೆರಗಿನ ಹೆಚ್ಚಿನ ಹಲ್ಲು ಅಳಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಕೂಗಿದರು: "ಅವ್ವಾ, ಐದು ಇದ್ದ ಕಡಿಗೆ ನಾಕಾತು!"

ನಾನು ಎದ್ದೆ. ಅಜ್ಜಿ ನನ್ನ ಭುಜ ಒತ್ತಿ ಕೂರಿಸಿ, ಇನ್ನೊಂದು ರೊಟ್ಟಿ ಹಾಕಿದರು.