ಮಾಸ್ಟರ್ ಬೇಕಾಗಿದ್ದಾರೆ

ಸೂರತ್ತಿನ ಉಧ್ನಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿಗೆ ನಾನು ಸೇರಿದ ವರ್ಷವೇ ಅಲ್ಲಿನ ಡೈಯಿಂಗ್ ಮಾಸ್ಟರ್ ಪಕ್ಕದ ಮಿಲ್ಲಿಗೆ ಹೊರಟುಹೋದರು. ಅಲ್ಲಿ ಇದು ಮಾಮೂಲು. ಯಾವ ಬಣ್ಣಕ್ಕೆ ಯಾವ ಪುಡಿ ಎಷ್ಟು ಎಂಬುದು ಮಾಸ್ಟರ ತಲೆಯಲ್ಲಿರುತ್ತದೆ. ಅವರು ಹೋದರೆ ಅದೂ ಹೋಗುತ್ತದೆ. ವಡೋದರಾದಲ್ಲಿ ಜವಳಿ ರಸಾಯನ ಓದಿ ಬಂದಿದ್ದ ನಾನು, ಹಳೆಯ ಬಟ್ಟೆಯ ತುಂಡುಗಳನ್ನು ಎದುರಿಗಿಟ್ಟುಕೊಂಡು ಒಂದೊಂದೇ ಬಣ್ಣವನ್ನು ಮತ್ತೆ ಹೊಂದಿಸಿದೆ. ಗಿರಾಕಿಗಳು ಕೈಬಿಡಲಿಲ್ಲ. ಆದರೂ ಗೇಟಿನಲ್ಲಿ ‘ಮಾಸ್ಟರ್ ಬೇಕಾಗಿದ್ದಾರೆ’ ಎಂಬ ಬೋರ್ಡು ಇಳಿಯಲಿಲ್ಲ. ಕೆಲಸಗಾರರು ಯಂತ್ರದಿಂದ ತೆಗೆದ ತುಂಡನ್ನು ಇಸ್ತ್ರಿ ಮಾಡಿ ಒಣಗಿಸಿ ನನ್ನ ಮುಂದೆ ಹಿಡಿಯುತ್ತಿದ್ದರು. ನಾನು ಸರಿ ಎಂದರಷ್ಟೇ ಮಾಲು ಮುಂದಕ್ಕೆ. ಆದರೂ ನಾನು ‘ಬೆನ್’, ಬರೀ ಅಕ್ಕ. ಆ ಹುದ್ದೆ ನನಗೆ ಕೊಡಿ ಎಂದು ಕೇಳಿದಾಗಲೆಲ್ಲ ಮಿಲ್ಲಿನ ಮಾಲೀಕ ಸೇಠ್, “ನೋಡೋಣ ಬೇಟಾ” ಎನ್ನುತ್ತಿದ್ದರು.

ನುರಿತ ಕೆಲಸಗಾರರನ್ನು ಈ ಭಾಗದಲ್ಲೇ ಉಳಿಸಿಕೊಳ್ಳಲು ಮಿಲ್ಲುಗಳಿಗೆ ನೆರವು ಕೊಡುವ ಸರ್ಕಾರದ ಯೋಜನೆಯೊಂದು ಬಂತು. ಅದರ ಅಧಿಕಾರಿ ಒಂದು ದಿನ ನಮ್ಮಲ್ಲಿಗೂ ಬಂದರು. ಸೇಠ್ ನನ್ನನ್ನೂ ಕರೆಸಿದರು. ಈ ಸಲ ಹುದ್ದೆ ಸಿಗಬಹುದೆಂದು ಆಸೆಯಿಂದಲೇ ಹೋದೆ.

“ಯಾವ ಕೆಲಸಕ್ಕೆ ಜನ ಸಿಗುತ್ತಿಲ್ಲ?” ಅಧಿಕಾರಿ ಕೇಳಿದರು.

“ಮಾಸ್ಟರೇ ಇಲ್ಲ ಸಾಹೇಬ್.”

“ಮತ್ತೆ ಬಣ್ಣ ಯಾರು ನೋಡ್ತಾರೆ?”

“ಸದ್ಯಕ್ಕೆ ಈ ಬೆನ್ ಸಂಭಾಳಿಸ್ತಾಳೆ. ನಾಳೆ ಮದುವೆಯಾದರೆ ತಮ್ಮ ಕರ್ನಾಟಕಕ್ಕೆ ಹಾರಿಬಿಡ್ತಾಳೆ. ನಿಮ್ಮ ನೆರವು ಸಿಕ್ಕರೆ ಅಹಮದಾಬಾದಿನಿಂದ ಒಬ್ಬನನ್ನು ಕರೆಸ್ತೀನಿ. ನಮ್ಮ ಬಣ್ಣಗಳನ್ನೆಲ್ಲ ಇವಳೇ ಕಲಿಸಿಕೊಡ್ತಾಳೆ. ಅಲ್ವಾ ಬೇಟಾ?”

ನನ್ನ ಮನೆಯಲ್ಲೇ ಯಾರೂ ಮದುವೆಯ ಮಾತೆತ್ತಿರಲಿಲ್ಲ. ಇವರು ಆಗಲೇ ನನ್ನನ್ನು ಗಂಡನ ಮನೆಗೆ ಕಳಿಸಿಯಾಗಿತ್ತು. ದನಿ ಏರಿಸಿ ಮಾತಾಡುವವಳಲ್ಲ ನಾನು. ಅಂದೂ ಏರಿಸಲಿಲ್ಲ.

“ಕಲಿಸುವುದಿಲ್ಲ,” ಎಂದೆ. “ಮಾಸ್ಟರ್ ಹುದ್ದೆ ನನಗೆ ಕೊಡಿ, ಇಲ್ಲೇ ಇರುತ್ತೇನೆ. ಕೊಡದಿದ್ದರೆ ತಿಂಗಳ ಕೊನೆಗೆ ಬಿಡುತ್ತೇನೆ.”

ಅಧಿಕಾರಿ ಸೇಠ್ ಕಡೆ ನೋಡಿದರು. ಈಗಲಾದರೂ ಕೇಳಬಹುದು, ಕೆಲಸ ಬಲ್ಲವಳು ಇಲ್ಲೇ ಇದ್ದಾಳಲ್ಲ ಎಂದು ಕೇಳಬಹುದು ಅಂದುಕೊಂಡೆ. ಸೇಠ್ ನಕ್ಕು, ಫಾಫ್ಡಾ ತಿಂಡಿಯ ತಟ್ಟೆಯನ್ನು ಅವರತ್ತ ಸರಿಸಿದರು.

“ನೋಡಿದ್ರಾ ಸಾಹೇಬ್? ಇದನ್ನೇ ನಾನು ಹೇಳಿದ್ದು. ಕಲಿತವರು ಯಾರೂ ಇಲ್ಲಿ ನಿಲ್ಲೋದಿಲ್ಲ.”

“ಹೋದಲ್ಲೆಲ್ಲ ಇದೇ ಗೋಳು,” ಅಧಿಕಾರಿ ಮರುಕದಿಂದ ಹೇಳಿದರು. ಮರುಕ ಸೇಠ್ ಮೇಲೆ.

ತಿಂಗಳ ಕೊನೆಯವರೆಗೆ ಕಾಯುವ ಮನಸ್ಸು ನನಗೆ ಉಳಿಯಲಿಲ್ಲ. ಬಣ್ಣ ಮೆತ್ತಿದ ಏಪ್ರನ್ ಬಿಚ್ಚಿ ಅವರಿಬ್ಬರ ನಡುವೆ ಮೇಜಿನ ಮೇಲಿಟ್ಟೆ. ಅಧಿಕಾರಿ ತಟ್ಟೆಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು, ಅದಕ್ಕೆ ಬಣ್ಣ ತಾಗದಿರಲೆಂದು.