ಪೆನ್ ಇಲ್ಲದ ಗುನ್ನೆಲ್

ಗುನ್ನೆಲ್‌ಳ ಹ್ಯಾಂಡ್‌ಬ್ಯಾಗಿನಲ್ಲಿ ಬಸ್ ಪಾಸ್ ಇರುತ್ತಿತ್ತು, ಮಡಚುವ ಛತ್ರಿ ಇರುತ್ತಿತ್ತು, ಬಾಯಿಗಿಟ್ಟರೆ ಮುಖ ಹಿಂಡುವಂಥ ಉಪ್ಪುಪ್ಪು ಕಪ್ಪು ಮಿಠಾಯಿಯ ಪೊಟ್ಟಣ ಇರುತ್ತಿತ್ತು. ಪೆನ್ ಮಾತ್ರ ಎಂದೂ ಇರಲಿಲ್ಲ. "ಕವಿ ಅಂತೀಯ, ಒಂದು ಬಾಲ್ ಪೆನ್ನಾದರೂ ಬೇಡವಾ?" ಎಂದರೆ, "ಪೆನ್ ಇದ್ದರೆ ಸುಳ್ಳು ಹೇಳೋದು ತುಂಬಾ ಸುಲಭ, ಲವ್," ಎನ್ನುತ್ತಿದ್ದಳು. ಅವಳು ಸ್ವೀಡನ್ನಿನವಳು. ಮಾತು ಮಾತಿಗೂ ಸೇರಿಸುವ ಆ 'ಲವ್' ಮಾತ್ರ ಅಪ್ಪಟ ಶೆಫೀಲ್ಡಿನದು, ಇಂಗ್ಲೆಂಡಿನ ನಮ್ಮ ಈ ಊರಿನದು.

ನನಗಿಂತ ಹತ್ತು ವರ್ಷ ದೊಡ್ಡವಳು. 'ಅವರು' ಎಂದು ಬರೆದು ನೋಡಿದೆ, ಬೇರೆ ಯಾರೋ ಬಂದು ಕೂತಂತಾಯಿತು. ಅವಳು ಅಂತಲೇ ಇರಲಿ.

ಉತ್ತರ ಸ್ವೀಡನ್ನಿನ ಒಂದು ನದಿಯ ದಂಡೆಯಲ್ಲಿ ಹುಟ್ಟಿದವಳು. ಅಪ್ಪ ಮರದ ದಿಮ್ಮಿಗಳನ್ನು ಹೊಳೆಯಲ್ಲಿ ತೇಲಿಬಿಡುವ ಕೆಲಸದವನು. ಇಪ್ಪತ್ತೆರಡಕ್ಕೇ ಮೊದಲ ಪುಸ್ತಕ. ಉಕ್ಕಿನ ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದ ಶೆಫೀಲ್ಡಿನ ಎಂಜಿನಿಯರ್ ಡೆರೆಕ್‌ನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಉಳಿದ ಹತ್ತು ಸಂಕಲನಗಳೂ ಈ ಊರಿನಲ್ಲೇ ಆದವು, ಸ್ವೀಡಿಷ್‌ನಲ್ಲಿ. "ಯಾರಿಗೂ ನಿನ್ನ ಭಾಷೆ ಬರಲ್ವಲ್ಲ, ಬೇಜಾರಾಗಲಿಲ್ಲವಾ?" ಎಂದು ಕೇಳಿದ್ದೆ. "ಒಳ್ಳೇದೇ ಆಯ್ತು. ಟ್ರಾಮ್ ತುಂಬ ಜನ, ಕದ್ದು ಕೇಳೋರು ಒಬ್ಬರೂ ಇಲ್ಲ!"

ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ. ಎಷ್ಟೋ ವರ್ಷ ಅವಳು ನಮಗೆ ಪಕ್ಕದ ಮನೆಯವಳು ಅಷ್ಟೇ. ಡಾಕ್ಟರಾಗಿದ್ದ ನಮ್ಮ ಯಜಮಾನರು ಡ್ಯೂಟಿ ರೋಟಾ ಪ್ರಕಾರ ಆಸ್ಪತ್ರೆಗೆ ಓಡಿದಾಗ ಬೀದಿಗಿಟ್ಟ ನಮ್ಮ ಕಸದ ಬಿನ್ ಒಳಗೆಳೆದಿಡುವವಳು. ಒಂದು ಬೆಳಿಗ್ಗೆ, ಲೋ ಅಂಡ್ ಬಿಹೋಲ್ಡ್, ನಮ್ಮ ಬಾಗಿಲ ಮುಂದೆ ಸ್ವೀಡಿಷ್ ಟೀವಿಯವರ ವ್ಯಾನ್! ಗುನ್ನೆಲ್‌ಗೆ ಅಲ್ಲಿನ ಯಾವುದೋ ದೊಡ್ಡ ಬಹುಮಾನ ಬಂದಿತ್ತು. ಅವಳ ಪದ್ಯ ಕಲಿಯದೆ ಅಲ್ಲಿ ಯಾವ ಮಗುವೂ ಶಾಲೆ ಮುಗಿಸುವುದಿಲ್ಲವಂತೆ. ಮೈಕ್ ಹಿಡಿದ ಹುಡುಗಿ ನನ್ನನ್ನು ಕೇಳಿದಳು, "ನೀವು ಅವರ ಪಕ್ಕದಲ್ಲೇ ಇರೋದು! ಅವರ ಬಗ್ಗೆ ಹೇಳಿ." ನಾನು ಗಾಬರಿಯಲ್ಲಿ, "ಬಿನ್ ವಿಷಯದಲ್ಲಿ ವೆರಿ ಪಂಕ್ಚುಯಲ್," ಎಂದುಬಿಟ್ಟೆ. ಅದನ್ನು ಇಡೀ ಸ್ವೀಡನ್ ನೋಡಿತು. ಗುನ್ನೆಲ್ ವಾರವಿಡೀ ನಕ್ಕಳು. "ನಮ್ಮ ವಿಮರ್ಶಕರು ಒಬ್ಬರೂ ಇಷ್ಟು ಸರಿಯಾಗಿ ಹೇಳಿಲ್ಲ, ಮದರ್ ಸುಪೀರಿಯರ್." ಕಾನ್ವೆಂಟಿನ ಸಿಸ್ಟರುಗಳು ನೆಟ್ಟಗೆ ಮಾಡಿದ ನನ್ನ ಬೆನ್ನು ನೋಡಿ ಅವಳು ಇಟ್ಟ ಹೆಸರು ಅದು.

ಯಜಮಾನರು ತೀರಿಕೊಂಡು ಮೂರು ವಾರವಾಗಿತ್ತು. ಗುನ್ನೆಲ್ ಬಂದು ಸಮಾಧಾನವೇನೂ ಹೇಳಲಿಲ್ಲ. "ಕೋಟ್ ಹಾಕ್ಕೋ," ಎಂದಳು. ಅಂದಿನಿಂದ ಮಂಗಳವಾರ, ಶುಕ್ರವಾರ ಹತ್ತು ಗಂಟೆಯ ಟ್ರಾಮಿನಲ್ಲಿ ನಾನೂ ಜೊತೆ. ಅದೇ ಅವಳ ಆಫೀಸು. ಕಿಟಕಿಯ ಪಕ್ಕ ಕೂತು, ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ಪದ್ಯ ಕಟ್ಟುವಳು. ಹೋಗುವಾಗ ಕಟ್ಟುವುದು, ಬರುವಾಗ ಮೊದಲಿನಿಂದ ಹೇಳಿಕೊಳ್ಳುವುದು. ಮನೆ ತಲುಪುವ ತನಕ ಉಳಿದ ಸಾಲು ಉಳಿಯಿತು, ಮರೆತದ್ದು ಹೋಯಿತು. ಇಡೀ ಪದ್ಯ ಹಾಗೆ ನಿಂತ ಮೇಲೆಯೇ ಟೈಪ್‌ರೈಟರ್. "ನಾನೇ ಮರೆತದ್ದನ್ನ ಬೇರೆಯವರು ಯಾಕೆ ನೆನಪಿಟ್ಟುಕೋಬೇಕು?"

ಎಂಬತ್ತೈದು ದಾಟಿದ ಮೇಲೆ ಆ ನಿಯಮವೇ ಅವಳಿಗೆ ಮುಳುವಾಯಿತು. ಡೆರೆಕ್ ತೀರಿಕೊಂಡ ಬೆಳಗಿನ ಬಗ್ಗೆ ಒಂದು ಪದ್ಯ ಕಟ್ಟುತ್ತಿದ್ದಳು. ಅದೇ ಕೊನೆಯದು, ಅದೊಂದಾದರೆ ಸಾಕು ಎನ್ನುತ್ತಿದ್ದಳು. ಹೋಗುವಾಗ ನಾಲ್ಕು ಸಾಲು ಇದ್ದರೆ ಬರುವಾಗ ಒಂದು. ಮರುವಾರ ಅದೂ ಇಲ್ಲ. ಬೆರಳು ಮಡಚಿ ಮಡಚಿ ಹುಡುಕುವಳು.

"ಬರೆದುಕೊಳ್ಳೇ ಮಹಾತಾಯಿ, ಪ್ಲೀಸ್."

"ಡೆರೆಕ್ ಅಂತ ಕನ್ಸೆಷನ್ ಕೊಡಲಾ? ಅವನೇ ನಗ್ತಾನೆ."

ನನಗೆ ತಡೆಯಲಾಗಲಿಲ್ಲ. ಸ್ವೀಡಿಷ್ ನನಗೆ ಒಂದಕ್ಷರವೂ ಬಾರದು. ಆದರೆ ಮೈಸೂರಿನಲ್ಲಿ ಹಗಲೆಲ್ಲ ಕಾನ್ವೆಂಟ್ ಆದರೆ ಸಂಜೆ ಸಂಗೀತದ ಮೇಷ್ಟ್ರು. ತೆಲುಗು ಕೀರ್ತನೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಅರ್ಥ ತಿಳಿಯದೆಯೇ ಬೈಹಾರ್ಟ್ ಮಾಡಿದವಳು ನಾನು. ಹೇಗೂ ಅವಳ ಕಣ್ಣು ಮುಚ್ಚಿರುತ್ತಿತ್ತು. ಕಿವಿಗೆ ಬಿದ್ದ ಸ್ವೀಡಿಷನ್ನು ಡೈರಿಯಲ್ಲಿ ಕನ್ನಡದಲ್ಲಿ ಗೀಚತೊಡಗಿದೆ, ಹಾಲು, ಕೊತ್ತಂಬರಿ, ಜಿಪಿ ಡಾಕ್ಟರ ಅಪಾಯಿಂಟ್‌ಮೆಂಟುಗಳ ಮಧ್ಯೆ.

ಒಂದು ಶುಕ್ರವಾರ ಅವಳು ಕಣ್ಣು ಬಿಟ್ಟಳು. ಡೈರಿಗೆ ಕೈ ಚಾಚಿದಳು. ಡೆಸ್ಕಿನಡಿ ಕಥೆಪುಸ್ತಕ ಇಟ್ಟು ಸಿಕ್ಕಿಬಿದ್ದ ಹುಡುಗಿಯ ಹಾಗೆ ಕೊಟ್ಟುಬಿಟ್ಟೆ.

"ಏನಿದು?"

"ನಿನ್ನ ಪದ್ಯ."

ಪುಟವನ್ನು ತಿರುಗಿಸಿ ಮುರುಗಿಸಿ ನೋಡಿದಳು. "ನನಗೆ ಇದನ್ನ ಓದೋಕಾಗಲ್ಲ."

"ಇಲ್ಲ."

"ನಿನಗೆ ಅರ್ಥ ಆಗಲ್ಲ."

"ಇಲ್ಲ."

ಡೈರಿಯನ್ನು ನನ್ನ ಮಡಿಲಿಗೆ ವಾಪಸಿಟ್ಟಳು. ಆಮೇಲೆ, "ಹಾಗಾದ್ರೆ ಇದು ಬರೆದ ಲೆಕ್ಕಕ್ಕೆ ಬರಲ್ಲ. ಹೇಳು," ಎಂದಳು.

'ವೆಮ್ ಲೇತ್ ದೊರ್ರೆನ್ ಸ್ತೋ ಒಪ್ಪೆನ್' ಎಂದು ಶುರು ಮಾಡಿದೆ. ಬಾಗಿಲನ್ನು ತೆರೆದೇ ಬಿಟ್ಟವರು ಯಾರು ಎಂದರ್ಥವಂತೆ. ಅವಳಿಗೆ ಜಾರಿಹೋಗಿದ್ದ ಸಾಲುಗಳೆಲ್ಲ ಬಂದವು. ಅವಳು ನನ್ನ ತೋಳು ಹಿಡಿದುಕೊಂಡಳು. ಮೂರನೆಯ ಚರಣ ಮುಗಿಯುವಾಗ ತಡೆದಳು.

"ನಿಲ್ಲು. ಮೊದಲನೇ ಸಾಲು ಪದೇ ಪದೇ ಯಾಕೆ?"

ಹಾಗೆ ಹೇಳುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ. ಹಳೆಯ ಅಭ್ಯಾಸ, ಬಾಯಿ ತಾನಾಗಿ ಅಲ್ಲಿಗೆ ಹೋಗಿತ್ತು. "ಅದು ಪಲ್ಲವಿ ಕಣೆ. ನಮ್ಮ ಹಾಡಿನಲ್ಲಿ ಪ್ರತಿ ಚರಣ ಆದಮೇಲೂ ಅಲ್ಲಿಗೇ ವಾಪಸ್ ಬರಬೇಕು."

"ನಾನು ಹಾಗೆ ಕಟ್ಟಿರಲಿಲ್ಲ."

"ಸಾರಿ, ಬಿಟ್ಟುಬಿಡ್ತೀನಿ."

"ಬಿಡು ಅಂದವರು ಯಾರು?" ಕಿಟಕಿಯಾಚೆ ನೋಡುತ್ತ ಹೇಳಿದಳು. "ಮೊದಲ ಸಲ ಆ ಪ್ರಶ್ನೆ ಕೇಳಿದಾಗ ಭಯ ಆಗುತ್ತೆ, ಲವ್. ನಾಲ್ಕನೇ ಸಲಕ್ಕೆ ಯಾರೋ ಒಳಗೆ ಬರ್ತಾ ಇದಾರೆ ಅನ್ಸುತ್ತೆ."

ವಸಂತ ಬರುವಷ್ಟರಲ್ಲಿ ಪದ್ಯ ಮುಗಿಯಿತು. ಅದು ಟೈಪ್‌ರೈಟರ್ ತಲುಪುವ ಮೊದಲೇ ಅವಳು ಆಸ್ಪತ್ರೆ ಸೇರಿದಳು. ಕೊನೆಯ ಸಲ ನೋಡಿದಾಗ ನನ್ನ ಹೆಸರು ಮರೆತಿದ್ದಳು, ಮದರ್ ಸುಪೀರಿಯರ್ ಕೂಡ. ನಾನು ಹಾಸಿಗೆಯ ಪಕ್ಕ ಕೂತು ಪದ್ಯ ಹೇಳಿದೆ. ಚರಣಗಳೆಲ್ಲ ನನ್ನವು. ಪಲ್ಲವಿ ಬಂದಾಗ ಮಾತ್ರ ಅವಳ ದನಿ, ಒಂದು ಸಲವೂ ತಪ್ಪಲಿಲ್ಲ.

ಅವಳು ಹೋದ ಮೇಲೆ ಅವಳ ಮಗಳು ಕಾರಿನ್ ಸ್ವೀಡನ್ನಿನಿಂದ ಬಂದು ನಮ್ಮ ಡೈನಿಂಗ್ ಟೇಬಲ್ಲಿನಲ್ಲಿ ಲ್ಯಾಪ್‌ಟಾಪ್ ತೆರೆದಳು. ನಾನು ಡೈರಿ ನೋಡಿ ಓದಿದೆ, ಅವಳು ಅಳುತ್ತ, ನಡುನಡುವೆ ನನ್ನ ಉಚ್ಚಾರಣೆಗೆ ನಗುತ್ತ ಟೈಪ್ ಮಾಡಿದಳು. ಈಗ ಪುಸ್ತಕ ಬಂದಿದೆ. ಕೊನೆಯ ಪದ್ಯದಲ್ಲಿ ಮರಳಿ ಮರಳಿ ಬರುವ ಸಾಲು ಈ ವಯಸ್ಸಿನಲ್ಲಿ ಆಕೆ ಹಿಡಿದ ಹೊಸ ದಾರಿ ಎಂದು ಅಲ್ಲಿಯ ವಿಮರ್ಶಕರು ಯಾರೋ ಬರೆದಿದ್ದಾರಂತೆ. ನಿಜ ಹೇಳಿಬಿಡಲೇ ಎಂದು ಕಾರಿನ್ ಕೇಳಿದಳು. ಬೇಡ ಎಂದೆ.

ಕಳೆದ ಮಂಗಳವಾರ ಹತ್ತು ಗಂಟೆಯ ಟ್ರಾಮ್ ಹತ್ತಿದೆ. ಡೈರಿ ಮನೆಯಲ್ಲೇ ಬಿಟ್ಟು, ಅವಳ ಕಿಟಕಿಯ ಪಕ್ಕ ಕೂತು, ಕಣ್ಣು ಮುಚ್ಚಿ ಮೊದಲಿನಿಂದ ಹೇಳಿಕೊಂಡೆ. ಒಂದು ಸಾಲೂ ತಪ್ಪಲಿಲ್ಲ. ಕಣ್ಣು ಬಿಟ್ಟರೆ ಎದುರು ಸೀಟಿನ ಮುದುಕಪ್ಪ ನನ್ನನ್ನೇ ನೋಡುತ್ತಿದ್ದ.

"ಯಾವ ಭಾಷೆ ಅದು, ಲವ್?"

"ಸ್ವೀಡಿಷ್."

ನನ್ನ ಸೀರೆಯನ್ನೂ ಅದರ ಮೇಲಿನ ಕೋಟನ್ನೂ ನೋಡಿದ. "ನೀವು ಆ ಕಡೆಯವರಾ?"

"ಅಲ್ಲ," ಎಂದೆ. "ಪಕ್ಕದ ಮನೆಯವಳು."