ಮೀನೆಣ್ಣೆ ಬಳಿದ ಕಾರು

ಮಾವಳ್ಳಿಯ ದುರ್ಗ ಕಾರು ಕೊಂಡು ತಂದ ದಿನ ಅವನ ಹೆಂಡತಿ ಹನುಮಕ್ಕ ಅದಕ್ಕೆ ಆರತಿ ಎತ್ತಲಿಲ್ಲ. ನೆರೆಕರೆಯವರೆಲ್ಲ ಅಂಗಳದಲ್ಲಿ ಸೇರಿ, ಬಾಗಿಲು ತೆಗೆದು ಮುಚ್ಚಿ, ಹಾರ್ನು ಒತ್ತಿ ಸಂಭ್ರಮ ಪಡುತ್ತಿದ್ದರೆ ಅವಳು ಮಾತ್ರ ಹೊಸ್ತಿಲು ದಾಟದೆ ನಿಂತು, "ನೀರಿನ ಮೇಲೆ ಬದುಕಿದವ್ರು ನಾವು. ಇದ್ರ ಗುಣ ನಮಗೆ ಎಂತ ಗೊತ್ತು?" ಎಂದಳು. ದುರ್ಗ ನಕ್ಕುಬಿಟ್ಟ. ಯಾರಾದರೂ ಬುದ್ಧಿ ಹೇಳಿದಾಗ ಅವನಿಗೆ ಹಾಗೊಂದು ನಗು ಬರುತ್ತಿತ್ತು. ಆ ನಗು ಬಂದಾಗಲೆಲ್ಲ ಏನಾದರೊಂದು ಕೆಟ್ಟೇ ಕೆಡುತ್ತಿತ್ತು ಎಂದು ಊರವರು ಆಮೇಲೆ ಹೇಳಿದರು. ಆಮೇಲೆ ಹೇಳುವುದಕ್ಕೆ ಊರವರಿಗೇನು ಕಷ್ಟ!

ಅಪ್ಪನ ಕಾಲದಿಂದ ಅವನ ಮನೆಯಲ್ಲೊಂದು ಮಚವೆ ಇತ್ತು. ಹಾಯಿ ಕಟ್ಟಿ, ಹಂಚು, ಉಪ್ಪು, ತೆಂಗಿನಕಾಯಿ ತುಂಬಿಕೊಂಡು ಭಟ್ಕಳದಿಂದ ಕುಮಟೆಯವರೆಗೆ, ಗಾಳಿ ಕೂಡಿಬಂದರೆ ಅದರಾಚೆಗೂ ಹೋಗುವ ಸರಕಿನ ದೋಣಿ. ದುರ್ಗ ಬೆಳೆದದ್ದು ಅದರಲ್ಲೇ. ಅವನ ಜೊತೆ ಬೆಳೆದವನು ಶುಕ್ರ. ದಡ ಹತ್ತಿರವಾಗುತ್ತಲೇ ನೀರಿಗೆ ಹಾರಿ, ದೋಣಿಯ ಮೂತಿಗೆ ಎರಡೂ ಅಂಗೈ ಕೊಟ್ಟು, ಅದು ಕಲ್ಲಿಗೆ ಬಡಿಯದಂತೆ ತಡೆದು ನಿಲ್ಲಿಸುವುದು ಶುಕ್ರನ ಕೆಲಸವಾಗಿತ್ತು. ಅಷ್ಟು ದೊಡ್ಡ ದೋಣಿ ಆ ಸಣಕಲು ಮನುಷ್ಯನ ಕೈಗೆ ಹೇಗೆ ಮಣಿಯುತ್ತಿತ್ತೋ ದೇವರಿಗೇ ಗೊತ್ತು.

ಜಿಲ್ಲೆ ಮುಂಬೈ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ರಸ್ತೆಗೆ ಲಾರಿಗಳು ಹೆಚ್ಚಿದವು. ಹಂಚು ಲಾರಿ ಹತ್ತಿತು, ಉಪ್ಪೂ ಹತ್ತಿತು. ಮಚವೆ ದಂಡೆಯಲ್ಲಿ ಒಣಗತೊಡಗಿದಾಗ ದುರ್ಗ ಅದನ್ನು ಮಾರಿದ. ಹನುಮಕ್ಕ ಗದ್ದೆ ಕೊಳ್ಳೋಣ ಎಂದಳು. ಭಾವ ತಿಮ್ಮ ಲಾರಿಯಲ್ಲಿ ಪಾಲು ಹಿಡಿ ಎಂದ. ದುರ್ಗ ಎರಡನ್ನೂ ಬಿಟ್ಟು ಹುಬ್ಬಳ್ಳಿಗೆ ಹೋಗಿ, ಮೂರು ಕೈ ದಾಟಿದ ಕಪ್ಪು ಬಣ್ಣದ ವಿಲಾಯತಿ ಕಾರನ್ನು ಕೊಂಡು ಬಂದ. ಬಾಡಿಗೆಗೆ ಓಡಿಸುತ್ತೇನೆ, ಮದುವೆ ಮುಂಜಿಗೆ, ಆಸ್ಪತ್ರೆಗೆ, ಕೋರ್ಟಿಗೆ ಜನ ಕರೆಯುತ್ತಾರೆ ಎಂಬುದು ಅವನ ಲೆಕ್ಕಾಚಾರ. ಕೊಳ್ಳುವಾಗ ಇಂಜಿನ್ನು ನೋಡಿದ್ದಕ್ಕಿಂತ ಬೆರಳಗಂಟಿನಿಂದ ಮೈಯೆಲ್ಲ ಕುಟ್ಟಿ, ಕಿವಿಯಿಟ್ಟು ಕೇಳಿದ್ದೇ ಹೆಚ್ಚು. ದೋಣಿಯ ಹಲಗೆ ಒಳಗೆ ಕೊಳೆತಿದೆಯೋ ಎಂದು ನೋಡುವುದು ಹಾಗೆ. ಮಾರಿದವನು ನಗು ತಡೆದುಕೊಂಡಿರಬೇಕು.

ಶುಕ್ರ ಬೇಸರ ತೋರಿಸಲಿಲ್ಲ. ಹೊಳೆ ದಾಟಿಸುವ ಹೊನ್ನಾವರದ ತಾರಿಗೆ ಕೆಲಸಕ್ಕೆ ಸೇರಿದ. ಆಗ ಶರಾವತಿಯ ಮೇಲೆ ಸೇತುವೆ ಎಲ್ಲಿಯದು? ಎರಡು ದೋಣಿ ಜೋಡಿಸಿ, ಮೇಲೆ ಹಲಗೆ ಹಾಸಿದ ಜಂಗಲ್ ಇತ್ತು. ಬಸ್ಸಾಗಲಿ ಕಾರಾಗಲಿ ಅದನ್ನೇರಿ ಹೊಳೆ ದಾಟಬೇಕು. ಗಾಡಿಗಳನ್ನು ಕೈಸನ್ನೆ ಮಾಡಿ ಹಲಗೆಯ ಮೇಲೆ ಕರೆದುಕೊಳ್ಳುವುದು, ಚಕ್ರಕ್ಕೆ ಮರದ ತುಂಡು ಕೊಡುವುದು ಶುಕ್ರನ ಪಾಲಿಗೆ ಬಂತು. ಗಾಡಿ ಇಳಿಜಾರಿನಲ್ಲಿ ಇಳಿಯುವ ಮುಂಚೆ ಒಳಗಿದ್ದವರೆಲ್ಲ ಇಳಿದು ನಡೆಯಬೇಕೆಂಬುದು ತಾರಿಯ ಪದ್ಧತಿ. ದುರ್ಗ ಮಾತ್ರ ತನ್ನ ಗಿರಾಕಿಗಳನ್ನು ಇಳಿಸುತ್ತಿರಲಿಲ್ಲ. "ನನ್ನ ಕಾರಲ್ಲಿ ಕೂತವ್ರು ಕಾಲು ಒದ್ದೆ ಮಾಡ್ಕೊಳ್ಳುದು ಬೇಡ" ಎನ್ನುವುದು ಅವನ ಜಂಬ. ಆ ಜಂಬಕ್ಕೇ ನಾಲ್ಕು ಬಾಡಿಗೆ ಹೆಚ್ಚು ಬರುತ್ತಿತ್ತು ಎಂಬುದೂ ಸುಳ್ಳಲ್ಲ.

ಕಾರು ಸಾಕುವುದು ಎಮ್ಮೆ ಸಾಕಿದ ಹಾಗಲ್ಲ ಎಂದು ಅವನಿಗೆ ಬೇಗ ತಿಳಿಯಿತು. ಪೆಟ್ರೋಲು, ಟಾಯರು, ತಾರಿಯ ಸುಂಕ, ಎಲ್ಲಕ್ಕೂ ಹೇಗೋ ಹೊಂದಿಸಬಹುದಿತ್ತು. ಹೊಂದದೆ ಹೋದದ್ದು ಉಪ್ಪು. ಹೊಳೆ ಸಮುದ್ರ ಸೇರುವ ಜಾಗದಲ್ಲಿ ವಾರಕ್ಕೆ ಹಲವು ಸಲ ಉಪ್ಪುನೀರು ಹಾರಿ ಕಾರಿನ ಅಡಿಯನ್ನು ತಿಂದಿತು. ಮಡ್‌ಗಾರ್ಡಿಗೆ ಬೆರಳು ತೂರಿಸಿದರೆ ಆಚೆ ಬರುತ್ತಿತ್ತು. ಹೊನ್ನಾವರದ ಮೆಕ್ಯಾನಿಕ್ಕು ಕಮಲಾಕರ ಶೇಟ್, "ತಾರಿ ದಾಟಿದ ದಿನವೇ ಅಡಿಯೆಲ್ಲ ಸಿಹಿನೀರಲ್ಲಿ ತೊಳೀಬೇಕು, ವರ್ಷಕ್ಕೊಮ್ಮೆ ಬಣ್ಣ ಹೊಡೀಬೇಕು" ಎಂದ. ದುರ್ಗನಿಗೆ ಅದೇ ನಗು ಬಂತು. ಉಪ್ಪಿನ ವಿಷಯ ತನಗೆ ಹೇಳಿಕೊಡುವವನು ಇವನೇ?

ಆ ವರ್ಷ ನೂಲ ಹುಣ್ಣಿಮೆಯ ಹಿಂದಿನ ದಿನ, ಊರಿನ ದೋಣಿಗಳೆಲ್ಲ ಸಮುದ್ರಕ್ಕಿಳಿಯಲು ಎಣ್ಣೆ ಬಳಿಸಿಕೊಳ್ಳುತ್ತಿದ್ದಾಗ, ದುರ್ಗ ಕಾರನ್ನೂ ತೆಂಗಿನ ದಿಮ್ಮಿಗಳ ಮೇಲೆ ಏರಿಸಿದ. ರಜೆ ಹಾಕಿ ಬಂದಿದ್ದ ಶುಕ್ರನೂ ಅವನೂ ಅಡಿಗೆ ನುಸುಳಿ, ಭೂತಾಯಿ ಮೀನಿನ ಎಣ್ಣೆಯನ್ನು ತೆಂಗಿನ ನಾರಿನಲ್ಲಿ ಅದ್ದಿ ಬಳಿದರು. "ಒಂದು ಸೂಜಿ ಮೊನೆಯಷ್ಟು ಜಾಗ ಬಿಡೂದು ಬೇಡ" ಎಂದ ಶುಕ್ರ. ಚಕ್ರದ ಹತ್ತಿರ ಬ್ರೇಕಿನ ಎಣ್ಣೆ ಹೋಗುವ ರಬ್ಬರಿನ ನಳಿಗೆ ಸಿಕ್ಕಿದಾಗ ದುರ್ಗ ಅದನ್ನು ಒತ್ತಿ ನೋಡಿ, "ಇದು ಮೆತ್ತಗಿದೆ, ಪಾಪ. ಇದಕ್ಕೆ ಎರಡು ಕೈ ಹೆಚ್ಚು ಬಳಿ" ಎಂದ. ಮಗುವಿಗೆ ಎಣ್ಣೆ ಹಚ್ಚುವಂತೆ ಇಬ್ಬರೂ ಅಷ್ಟು ಪ್ರೀತಿಯಿಂದ ಹಚ್ಚಿದರು.

ಕೇಳುವವರಿಂದ ಮುಚ್ಚಿಡುವುದೇಕೆ? ಮೀನೆಣ್ಣೆ ಮರವನ್ನು ಕಾಯುತ್ತದೆ, ಕಬ್ಬಿಣವನ್ನೂ ಕಾಯುತ್ತದೆ, ರಬ್ಬರನ್ನು ತಿನ್ನುತ್ತದೆ. ಇದು ಅವರಿಬ್ಬರಿಗೂ ಗೊತ್ತಿರಲಿಲ್ಲ. ಅವರ ದೋಣಿಯಲ್ಲಿ ರಬ್ಬರು ಎಂಬುದೇ ಇರಲಿಲ್ಲವಲ್ಲ.

ತುಕ್ಕು ನಿಂತೇಹೋಯಿತು. ವಾಸನೆ ಮಾತ್ರ ಉಳಿಯಿತು. ಯಾಣದ ಕಡೆಯ ತೋಟದ ಒಡೆಯ ಮಹಾಬಲ ಹೆಗಡೇರು ಒಮ್ಮೆ ಕೂತು ಇಳಿದವರು, "ನಿನ್ನ ಕಾರಲ್ಲಿ ಬಂದ್ರೆ ಮನೆಗೆ ಹೋಗಿ ಮತ್ತೆ ಮೀಯ್ಲೇ ಬೇಕು, ಮಾರಾಯ" ಎಂದು ಮೂಗು ಮುಚ್ಚಿಕೊಂಡರು. ದುರ್ಗ ತಲೆ ಕೆಡಿಸಿಕೊಳ್ಳಲಿಲ್ಲ. ಉಳಿದವರ ಕಾರುಗಳು ಅಡಿ ಉದುರಿಸಿಕೊಂಡು ಗ್ಯಾರೇಜಿನಲ್ಲಿ ಮಲಗಿದ್ದಾಗ ಅವನದು ಓಡುತ್ತಿತ್ತು. ಮುಂದಿನ ವರ್ಷವೂ ಬಳಿದರು, ಅದರ ಮುಂದಿನ ವರ್ಷವೂ.

ಮೂರನೆಯ ಸಲ ಬಳಿದ ಮೇಲೆ ಬ್ರೇಕಿನ ಪೆಡಲು ಮೆತ್ತಗಾಯಿತು. ಮೊದಲು ಒಮ್ಮೆ ತುಳಿದರೆ ನಿಲ್ಲುತ್ತಿದ್ದದ್ದು ಈಗ ಎರಡು ಸಲ ಕೇಳುತ್ತಿತ್ತು. ಹಳೆಯ ದೋಣಿಗೊಂದು ಹಟ ಇರುವಂತೆ ಇದಕ್ಕೂ ಇದೆ ಎಂದುಕೊಂಡು ಅವನು ಎರಡು ಸಲ ತುಳಿಯುವುದನ್ನು ರೂಢಿ ಮಾಡಿಕೊಂಡ. ಒಂದು ಮಧ್ಯಾಹ್ನ ಮಂಕಿಯಲ್ಲಿ ಹಸುವೊಂದು ಅಡ್ಡ ಬಂತು. ಎರಡು ಸಲ ತುಳಿದರೂ ಕಾರು ನಿಲ್ಲಲಿಲ್ಲ. ಮೂರನೆಯ ಸಲಕ್ಕೆ ನಿಂತಾಗ ಹಸುವಿನ ಉಸಿರು ಬಾನೆಟ್ಟಿಗೆ ತಾಗುತ್ತಿತ್ತು. ಮನೆಗೆ ಬಂದು ಹನುಮಕ್ಕನಿಗೆ ಈ ಮಾತು ಹೇಳಲಿಲ್ಲ. ಹೇಳಿದರೆ ಅವಳು ಹೊಸ್ತಿಲಲ್ಲಿ ನಿಂತು ಆಡಿದ ಮಾತು ಗೆಲ್ಲುತ್ತಿತ್ತು.

ಅದೇ ವಾರ ಮಗಳು ಲಕ್ಕಿಯನ್ನು ಚೊಚ್ಚಲ ಹೆರಿಗೆಗೆ ಕರೆತರಬೇಕಿತ್ತು. ಅವಳನ್ನು ಕುಮಟೆಗೆ ಕೊಟ್ಟಿದ್ದರು. ಬೆಳಿಗ್ಗೆ ಹೊರಟ ದುರ್ಗ ತಾರಿಯಲ್ಲಿ ಶುಕ್ರನನ್ನು ಕಂಡ. ಲಕ್ಕಿ ನಡೆಯಲು ಕಲಿತದ್ದು ಶುಕ್ರನ ಬೆರಳು ಹಿಡಿದು. "ಇವತ್ತು ಕೂಸು ಬತ್ತದಾ? ಅದ್ಕೆ ಎಳನೀರು ಕೊಯ್ದು ಇಡ್ತೆ. ಇಳಿಜಾರಿನ ಕಲ್ಲಿನ ಮೇಲೆ ಪಾಚಿ ಉಂಟು, ಕಾರು ಇಳಿಸುವಾಗ ಮೆಲ್ಲ" ಎಂದ ಅವನು.

ಹೊಳೆ ದಾಟಿದ ಮೇಲೆ ದುರ್ಗ, ಯಾಕೋ ಮನಸ್ಸು ತಡೆಯದೆ, ಕಮಲಾಕರ ಶೇಟನ ಗ್ಯಾರೇಜಿಗೆ ಹೋದ. ಶೇಟ್ ಪೆಡಲು ತುಳಿದು ನೋಡಿ ಮುಖ ಗಂಟಿಕ್ಕಿದ. ಅಡಿಗೆ ನುಸುಳಿ ಹೊರಗೆ ಬಂದು, "ದುರ್ಗಣ್ಣ, ಅಡಿಯೆಲ್ಲ ಬರೀ ಎಣ್ಣೆಯ ಜಿಡ್ಡು. ನಂಗೆ ಎಂತದೂ ಕಾಣುದಿಲ್ಲ. ಕಾರು ಇಲ್ಲೇ ಬಿಡು. ಈ ಎಣ್ಣೆ ಪೂರ್ತಿ ತೊಳೆದು, ಬಿಚ್ಚಿ ನೋಡ್ಬೇಕು" ಎಂದ.

ಹಚ್ಚಿದ ಎಣ್ಣೆಯನ್ನು ತೊಳೆಯುವುದೇ? ಸಮುದ್ರಕ್ಕಿಳಿದ ದೋಣಿಯ ಎಣ್ಣೆಯನ್ನು ಮುಂದಿನ ಮಳೆಗಾಲದವರೆಗೆ ಯಾರೂ ಕೆರೆಯುವುದಿಲ್ಲ, ಕೆರೆದರೆ ಕೇಡು ಎಂಬುದು ಅವನ ಅಪ್ಪ ಕಲಿಸಿದ್ದು. "ಮಗಳನ್ನ ಮನೆಗೆ ಮುಟ್ಸಿ ಬರ್ತೆ. ಆಮೇಲೆ ನೋಡುವ" ಎಂದ ದುರ್ಗ.

"ಬಸ್ಸಲ್ಲಿ ಕರ್ಕೊಂಡು ಬಾ."

"ಕಾರು ಇಟ್ಕೊಂಡು ಬಸರಿ ಮಗಳನ್ನ ಬಸ್ಸಲ್ಲಿ ತಂದ ಅಂತ ಬೀಗರ ಮುಂದೆ ಹೇಳಿಸ್ಕೊಳ್ಳುದಾ?"

ಶೇಟ್ ಮತ್ತೆ ಅಡಿಗೆ ನುಸುಳಿದ. ಬ್ರೇಕಿನೊಳಗೆ ಸೇರಿದ್ದ ಗಾಳಿ ತೆಗೆದು, ಬ್ರೇಕಿನ ಎಣ್ಣೆ ತುಂಬಿ ಕೊಟ್ಟ. ಪೆಡಲು ಕಲ್ಲಿನಂತೆ ಗಟ್ಟಿಯಾಯಿತು. ದುರ್ಗ ಮತ್ತೆ ನಕ್ಕ.

ಕುಮಟೆಯಿಂದ ತಿರುಗಿ ಹೊರಟಾಗಲೂ ಪೆಡಲು ಗಟ್ಟಿಯೇ ಇತ್ತು. ಲಕ್ಕಿ ಹಿಂದಿನ ಸೀಟಿನಲ್ಲಿ ಹೂ ಮುಡಿದು, ಎಣ್ಣೆಯ ವಾಸನೆಗೆ ಸೆರಗು ಮೂಗಿಗಿಟ್ಟುಕೊಂಡು ಕೂತಿದ್ದಳು. ಹಳದೀಪುರ ದಾಟುವಾಗ ಪೆಡಲು ಒಂದಿಷ್ಟು ಕೆಳಗಿಳಿಯಿತು. ಕರ್ಕಿಯಲ್ಲಿ ಇನ್ನಷ್ಟು. ದುರ್ಗ ಮಾತು ನಿಲ್ಲಿಸಿದ. ಲಕ್ಕಿ, "ಎಂತ ಅಪ್ಪಾ, ಹುಷಾರಿಲ್ಲಾ?" ಎಂದು ಕೇಳಿದಳು. ಅವನು ಕನ್ನಡಿಯಲ್ಲಿ ಅವಳ ತುಂಬಿದ ಹೊಟ್ಟೆಯನ್ನು ನೋಡಿದ, ಮತ್ತೆ ರಸ್ತೆ ನೋಡಿದ.

ತಾರಿಯ ಇಳಿಜಾರಿನ ತಲೆಯಲ್ಲಿ ಕಾರು ಹೇಗೋ ನಿಂತಿತು. ಕೆಳಗೆ ಜಂಗಲ್ ಗಾಡಿಗಳಿಲ್ಲದೆ ಖಾಲಿಯಿತ್ತು. ಹಲಗೆಯ ಮೇಲೆ ಶುಕ್ರ ನಿಂತಿದ್ದ, ಅವನ ಕಾಲಬುಡದಲ್ಲಿ ಕೆತ್ತಿಟ್ಟ ಎಳನೀರು.

"ಇಳಿ ಮಗಾ, ಬದಿಯಿಂದ ನಡ್ಕೊಂಡು ಬಾ" ಎಂದ ದುರ್ಗ.

"ನಿನ್ನ ಕಾರಿಂದ ಯಾರೂ ಇಳೂದಿಲ್ಲ ಅಂತಿದ್ಯಲ್ಲ?"

"ಇಳಿ ಅಂದೆ ಅಲ್ಲ!"

ಅಪ್ಪ ಹಾಗೆ ಗದರಿದ್ದನ್ನು ಅವಳು ಹುಟ್ಟಿದ ಮೇಲೆ ಕೇಳಿರಲಿಲ್ಲ. ಇಳಿದು ಬದಿಗೆ ನಿಂತಳು. ದುರ್ಗ ಪೆಡಲನ್ನು ಮೂರು ಸಲ ತುಳಿದು ನೋಡಿದ. ಮೂರನೆಯ ಸಲ ಸ್ವಲ್ಪ ಹಿಡಿಯಿತು. ಇಷ್ಟು ದಿನ ನಡೆದಿದೆ, ಇವತ್ತೊಂದು ನಡೆದರೆ ಸಾಕು ಎಂದುಕೊಂಡ. ಕೆಳಗಿನಿಂದ ಶುಕ್ರ ಎರಡೂ ಕೈಯಲ್ಲಿ ಕರೆಯುತ್ತಿದ್ದ, "ಬರ್ಲಿ, ಬರ್ಲಿ."

ಇಳಿಜಾರಿನ ನಡುವೆ ಕಾಲಡಿಯಲ್ಲಿ ಏನೋ ಹರಿದಂತಾಗಿ ಪೆಡಲು ನೆಲಕ್ಕೆ ಹತ್ತಿತು. ಹ್ಯಾಂಡ್‌ಬ್ರೇಕು ಜಗ್ಗಿದರೆ ಹಿಂದಿನ ಚಕ್ರಗಳು ಪಾಚಿಯ ಮೇಲೆ ಜಾರಿದವು. ದುರ್ಗ ಕೂಗಿದ. ಏನು ಕೂಗಿದನೋ ಅವನಿಗೂ ನೆನಪಿಲ್ಲ. ಬದಿಗೆ ಹಾರಲು ಶುಕ್ರನಿಗೆ ಜಾಗವಿತ್ತು, ಹೊತ್ತೂ ಇತ್ತು. ಉಳಿದ ತಾರಿಯವರೆಲ್ಲ ಹಾರಿದರು. ಅವನು ಹಾರಲಿಲ್ಲ. ಜನ್ಮವೆಲ್ಲ ಮಾಡಿದ್ದನ್ನೇ ಮಾಡಿದ. ಕಾಲು ಊರಿ, ಬರುತ್ತಿದ್ದ ಕಾರಿನ ಮೂತಿಗೆ ಎರಡೂ ಅಂಗೈ ಕೊಟ್ಟ.

ಕಾರು ಅವನನ್ನೂ ಎಳನೀರನ್ನೂ ತುದಿಯ ಅಡ್ಡಮರವನ್ನೂ ಸೇರಿಸಿಕೊಂಡು ಹೊಳೆಗೆ ಬಿತ್ತು. ದುರ್ಗನನ್ನು ತಾರಿಯವರು ಕಿಟಕಿಯಿಂದ ಎಳೆದು ತೆಗೆದರು. ಶುಕ್ರ ಸಿಕ್ಕಿದ್ದು ಕಾರನ್ನು ಎತ್ತಿದ ಮೇಲೆ, ಅದರ ಅಡಿಯಲ್ಲಿ.

ಮರಳಿನ ಮೇಲೆ ಎಳೆದು ಹಾಕಿದ ಕಾರಿನ ಅಡಿ ಬಿಸಿಲಿಗೆ ಹೊಳೆಯುತ್ತಿತ್ತು, ಹುಡುಕಿದರೂ ಎಲ್ಲೂ ತುಕ್ಕಿಲ್ಲ. ಕಮಲಾಕರ ಶೇಟ್ ರಬ್ಬರಿನ ನಳಿಗೆಯನ್ನು ಮುಟ್ಟಿದ. ಅದು ಬೆಂದ ಕೆಸುವಿನ ದಂಟಿನಂತೆ ಅವನ ಬೆರಳಿಗೆ ಅಂಟಿಕೊಂಡು ಬಂತು. ಅವನು ಅದನ್ನು ಮೂಸಿ ನೋಡಿ, ದುರ್ಗನ ಅಂಗೈಯಲ್ಲಿಟ್ಟ.

ಆ ತಿಂಗಳು ಕಳೆಯುವುದರೊಳಗೆ ಲಕ್ಕಿ ಗಂಡು ಹೆತ್ತಳು. ನೋಡಲು ಬಂದವರೆಲ್ಲರ ಬಾಯಲ್ಲಿ ಒಂದೇ ಮಾತು, ಆ ಹೊತ್ತಿಗೆ ದೇವರೇ ದುರ್ಗನ ಬಾಯಲ್ಲಿ ಕೂತು ಮಗಳನ್ನು ಇಳಿಸಿದ ಎಂದು. ಶುಕ್ರನ ಹೆಂಡತಿಯೂ ಬಂದಳು. ಬರಿಗೈಯಲ್ಲಿ ಬರಲಿಲ್ಲ, ಕೂಸಿಗೆ ತನ್ನ ಹಳೆಯ ಸೀರೆಯ ಮೆತ್ತನೆ ಬಟ್ಟೆ ತಂದಿದ್ದಳು. "ನಿಮ್ಮ ಮಗಳು, ಕೂಸು ಇಬ್ರೂ ಉಳಿದ್ರಲ್ಲ, ದೇವ್ರು ದೊಡ್ಡವ. ಅವ್ರ ಆಯುಷ್ಯ ಅಷ್ಟೇ ಇತ್ತು" ಎಂದು ಕಣ್ಣೊರೆಸಿಕೊಂಡಳು. ದುರ್ಗ ತಲೆ ಎತ್ತಲಿಲ್ಲ.

ಅವಳು ಹೋದ ಮೇಲೆ ಚಾವಡಿಯಲ್ಲಿ ಅಪ್ಪ, ಮಗಳು ಇಬ್ಬರೇ ಉಳಿದರು. ಕೂಸು ದುರ್ಗನ ಮಡಿಲಲ್ಲಿ ಮಲಗಿತ್ತು. ಲಕ್ಕಿ ಆ ಬಟ್ಟೆಯನ್ನು ಮಡಿಸುತ್ತಾ, ಮಡಿಸಿದ್ದನ್ನೇ ಮತ್ತೆ ಬಿಚ್ಚುತ್ತಾ ಕೂತಿದ್ದವಳು ಕೇಳಿದಳು, "ಅಪ್ಪಾ, ಅವತ್ತು ನನ್ನ ಇಳಿಸುವಾಗ ಬ್ರೇಕ್ ಹಿಡಿಯೂದಿಲ್ಲ ಅಂತ ನಿಂಗೆ ಗೊತ್ತಿತ್ತಾ?"

ದುರ್ಗ ಅಂಗಳದ ಕಡೆ ನೋಡಿದ. ಎಣ್ಣೆ ಬಳಿಯುವಾಗ ಹಾಕಿದ್ದ ತೆಂಗಿನ ದಿಮ್ಮಿಗಳು ಇನ್ನೂ ಅಲ್ಲೇ ಇದ್ದವು.

"ಕಾರು ಇಳಿಸುವ ಮೊದ್ಲು ಶುಕ್ರಮಾವನಿಗೆ ಬದಿಗೆ ಹೋಗು ಅಂತ ಒಂದು ಮಾತು ಹೇಳ್ಲಿಲ್ಲ ನೀನು" ಎಂದಳು ಲಕ್ಕಿ.

ಅವನಿಗೆ ಈ ಸಲ ಆ ನಗು ಬರಲಿಲ್ಲ. ಲಕ್ಕಿ ಎದ್ದು ಬಂದು, ಅವನ ಮಡಿಲಿನಿಂದ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.